ವಲ್ಲಿಯ ಕೆಳಗಿನ ಬೆಲೆ

ನಾನು ಕಾರು ಕೊಳ್ಳುತ್ತೇನೆಂದಾಗ ಬೊರಿವಲಿಯಲ್ಲಿ ನಕ್ಕವರೇ ಹೆಚ್ಚು. ಐವತ್ತರ ದಶಕದ ಕೊನೆಯ ಹೊತ್ತು ಅದು. ನಯಾ ಪೈಸೆ ಬಂದ ಹೊಸತು. ಬೊರಿವಲಿ ಆಗ ಹೆಸರಿಗಷ್ಟೇ ಮುಂಬೈ. ಸ್ಟೇಷನ್ನಿನ ಎರಡೂ ಬದಿಗೆ ನಾಲ್ಕು ಬೀದಿ, ಒಂದಷ್ಟು ಚಾಳು, ಅದು ಮುಗಿದರೆ ಭತ್ತದ ಗದ್ದೆ, ತಾಳೆಮರ, ಎಮ್ಮೆ ಕಟ್ಟಿದ ಕೊಟ್ಟಿಗೆ. ಅಂಥಲ್ಲಿ ಮದುವೆಯಾಗದ ಹೆಣ್ಣೊಬ್ಬಳು, ಅದೂ ಹೆರಿಗೆ ಡಾಕ್ಟರು, ಸ್ವಂತ ಕಾರು ಇಟ್ಟುಕೊಂಡು ತಾನೇ ಓಡಿಸುತ್ತಾಳಂತೆ ಎಂಬುದು ಜನಕ್ಕೆ ಪುಕ್ಕಟೆ ಮೋಜಾಗಿತ್ತು. ನಗಲಿ ಬಿಡಿ. ನಕ್ಕವರ ಮನೆಯ ಹೆರಿಗೆಗೂ ನಾನೇ ಹೋಗಬೇಕಾಗಿತ್ತು.

ಹೋಗುವುದು ಹೇಗೆ ಎಂಬುದೇ ನನ್ನ ತಾಪತ್ರಯ. ಸ್ಟೇಷನ್ನಿನ ಎದುರು ನಿಲ್ಲುವ ಟಾಂಗಾಗಳೇ ಗತಿ. ಟಾಂಗಾದವನಿಗೆ ಮನಸ್ಸಿದ್ದರೆ ಕುದುರೆಗೆ ಇರುತ್ತಿರಲಿಲ್ಲ. ಕುದುರೆಗೆ ಮನಸ್ಸಿದ್ದ ದಿನ ರಸ್ತೆಯೇ ಇರುತ್ತಿರಲಿಲ್ಲ. ಒಂದು ಮಳೆಗಾಲ ಮಾಗಾಠಾಣೆಯ ಆಚೆಯ ಹಳ್ಳಿಯೊಂದರಿಂದ ಕರೆ ಬಂತು. ಮೊದಲನೆಯ ಟಾಂಗಾದವನು ಆ ಕಡೆ ಬರುವುದಿಲ್ಲ ಎಂದ. ಎರಡನೆಯವನು ಬಂದ, ಅರ್ಧ ದಾರಿಯಲ್ಲಿ ಗಾಲಿ ಕೆಸರಿಗೆ ಹೂತಿತು, ಉಳಿದದ್ದನ್ನು ನಡೆದೆ. ನಾನು ತಲುಪುವಷ್ಟರಲ್ಲಿ ತಾಯಿ ಇದ್ದಳು, ಕೂಸು ಇರಲಿಲ್ಲ. ಸ್ವಲ್ಪ ಮೊದಲು ಹೋಗಿದ್ದರೆ ಅದು ಬದುಕುತ್ತಿತ್ತು. ಇದನ್ನು ಮರುಕದಿಂದ ಹೇಳುತ್ತಿಲ್ಲ, ಡಾಕ್ಟರಾಗಿ ಹೇಳುತ್ತಿದ್ದೇನೆ. ವಾಪಸು ಬರುವಾಗ ದಾರಿಯುದ್ದಕ್ಕೂ ಅತ್ತೆ. ಮರುವಾರ ಗ್ರಾಂಟ್ ರೋಡಿಗೆ ಹೋಗಿ ಕಾರಿಗೆ ಹೆಸರು ಬರೆಸಿದೆ.

ಆ ಕಾಲದಲ್ಲಿ ಕಾರಿಗೆ ದುಡ್ಡಿದ್ದರೆ ಸಾಲದು, ಸರದಿ ಬರಬೇಕು. ಕಾರುಗಳು ಕಡಿಮೆ, ಬೇಕೆನ್ನುವವರು ಹೆಚ್ಚು. ಡಾಕ್ಟರರಿಗೆ ಸರದಿಯಲ್ಲಿ ಸ್ವಲ್ಪ ಮುಂದೆ ಜಾಗ ಕೊಡುತ್ತಿದ್ದರು. ಹಾಗಿದ್ದೂ ನಾನು ಎರಡು ಮಳೆಗಾಲ ಕಾದೆ. ಕೊನೆಗೊಂದು ದಿನ ಹೇಳಿಕಳಿಸಿದರು. ಕಾರು ಬಂದಿದೆ, ಶನಿವಾರದೊಳಗೆ ಹಣ ಕಟ್ಟಿ ಒಯ್ಯಬೇಕು, ತಪ್ಪಿದರೆ ಮುಂದಿನವರಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ನಾನು ಕೂಡಿಟ್ಟದ್ದು ಕಂಪನಿ ಗೊತ್ತುಮಾಡಿದ ಬೆಲೆಗೆ ಸರಿಯಾಗಿ ಸಾಕಾಗುವಷ್ಟು. ಅದರ ಮೇಲೆ ದವಾಖಾನೆಯ ಬಾಡಿಗೆ ಕೊಟ್ಟರೆ ಕೈ ಖಾಲಿ.

ಈ ಸುದ್ದಿಯನ್ನು ಊರಿಗೆ ಬರೆದದ್ದೇ ತಡ, ಅಪ್ಪ ಸೋಲಾಪುರದ ಗಾಡಿ ಹಿಡಿದು ದಾದರಿನಲ್ಲಿ ಬಂದಿಳಿದರು. ವಿಜಾಪುರದಲ್ಲಿ ಅವರದು ಹತ್ತಿ, ಶೇಂಗಾದ ದಲಾಲಿ ಅಂಗಡಿ. ತಲೆಗೆ ರುಮಾಲು, ಕಚ್ಚೆ ಹಾಕಿದ ಧೋತರ, ಹೆಗಲ ಮೇಲೆ ವಲ್ಲಿ. ಈ ವಲ್ಲಿ ಎಂಬ ಹೆಗಲ ಬಟ್ಟೆ ಅವರಿಗೆ ಬೆವರು ಒರೆಸಲಿಕ್ಕೂ ಬೇಕು, ರೈಲಿನಲ್ಲಿ ಜಾಗ ಹಿಡಿಯಲಿಕ್ಕೂ ಬೇಕು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿಯಾಗಿದ್ದರೂ ಅಪ್ಪನ ಲೆಕ್ಕದಲ್ಲಿ ಸರಕಾರ ಇನ್ನೂ ಮುಂಬೈಯಲ್ಲೇ ಇತ್ತು. ಹಾಗಾಗಿ ಮುಂಬೈಗೆ ಬಂದಾಗೆಲ್ಲ ತಮ್ಮದೇ ಅಂಗಳಕ್ಕೆ ಬಂದವರಂತೆ ಗತ್ತಿನಿಂದ ನಡೆಯುತ್ತಿದ್ದರು.

"ನೀ ಡಾಕ್ಟರಕಿ ಕಲ್ತಿ, ಛಲೋ ಆತು" ಎಂದರು, ನನ್ನನ್ನು ನೋಡಿದ ಕೂಡಲೇ. "ಯಾಪಾರ ನನ್ನ ಕೈಯಾಗ ಬಿಡು. ಹೆಣ್ಣಮಕ್ಕಳು ಹೋಗಿ ನಿಂತ್ರ ಅವರು ಹೇಳಿದ್ದ ರೇಟು ಆಗ್ತದ."

"ಅಲ್ಲಿ ರೇಟು ಗ್ವಾಡಿಮ್ಯಾಲ ಬರದಿರ್ತಾರ್ರಿ ಅಪ್ಪಾ. ಎಲ್ಲಾರಿಗೂ ಒಂದ."

"ಗ್ವಾಡಿಮ್ಯಾಲಿಂದು ಗ್ವಾಡಿಗೆ. ಕೊಳ್ಳೂದು ಬ್ಯಾರೆ."

"ಕಡಿಮಿ ಮಾಡೂದು ದೂರ ಉಳೀತ್ರಿ. ಇಲ್ಲೆ ಬಿಲ್ಲಿನ ಮ್ಯಾಲ ಇನ್ನಷ್ಟು ಕೈಗೆ ಕೊಡಬೇಕಾಗ್ತದ ಅಂತಾರ. ಅದಕ್ಕ 'ಆನ್' ಅಂತ ಹೆಸರ ಇಟ್ಟಾರ."

ಅಪ್ಪ ಪ್ಲಾಟ್‌ಫಾರ್ಮಿನ ನಡುವೆಯೇ ನಿಂತುಬಿಟ್ಟರು. ಹಿಂದಿನಿಂದ ಬಂದವರು ಅವರಿಗೆ ಡಿಕ್ಕಿ ಹೊಡೆದು ಬೈದುಕೊಂಡು ಹೋದರು. "ಕೊಳ್ಳಾಂವ ಮ್ಯಾಲ ಕೊಡೂದು? ಅಂಥಾ ಪ್ಯಾಟಿ ಭೂಮಿಮ್ಯಾಲ ಇಲ್ಲ ತಗಿ" ಎಂದರು. ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಕೇಳಿದ್ದನ್ನೆಲ್ಲ ನಂಬುವುದು ಓದಿದವರ ಚಾಳಿ ಎಂದು ನನ್ನ ಮೇಲೆಯೇ ತಿರುಗಿಸಿದರು.

ಶನಿವಾರ ಬೆಳಿಗ್ಗೆ ಲೋಕಲ್ ಹಿಡಿದು ಹೊರಟೆವು. ನಾನು ಹೆಂಗಸರ ಡಬ್ಬಿಯಲ್ಲಿ, ಅವರು ಪಕ್ಕದ್ದರಲ್ಲಿ. ಗ್ರಾಂಟ್ ರೋಡಿನಲ್ಲಿ ಇಳಿದಾಗ ಅವರ ರುಮಾಲು ಓರೆಯಾಗಿತ್ತು, ಮುಖ ಮಾತ್ರ ಸಂತೆಗೆ ಹೊರಟ ಹುರುಪಿನಲ್ಲಿತ್ತು. ಅವರು ಇಷ್ಟು ಖುಷಿಯಾಗಿದ್ದರೆ ನನಗೆ ಹೆದರಿಕೆ. ನನ್ನ ಬಾಲ್ಯದ ಎಷ್ಟೋ ಬಟ್ಟೆ, ಚಪ್ಪಲಿ, ಛತ್ರಿಗಳು ಅವರ ಈ ಖುಷಿಯ ದೆಸೆಯಿಂದ ಅಂಗಡಿಯಲ್ಲೇ ಉಳಿದುಹೋಗಿದ್ದವು.

ಶೋರೂಮು ಸ್ಟೇಷನ್ನಿನಿಂದ ನಡೆದುಹೋಗುವಷ್ಟು ದೂರದಲ್ಲಿತ್ತು. ಇಡೀ ಗೋಡೆಯಷ್ಟು ದೊಡ್ಡ ಗಾಜು, ಮುಖ ಕಾಣುವ ಹಾಗೆ ಉಜ್ಜಿದ ನೆಲ, ಅದರ ಮೇಲೆ ಮೂರು ಕಾರು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ದಲಾಲಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ವ್ಯವಹಾರ ಮಾಡುವವರಿಗೆ ಚಪ್ಪಲಿ ಹಾಕಿಕೊಂಡು ಬೆಲೆ ಮಾತಾಡುವುದು ಗೊತ್ತೇ ಇಲ್ಲ. ಬಾಗಿಲ ಕಾವಲಿನವನು ಬೆರಗಾಗಿ ನೋಡಿದ, ಅಷ್ಟರಲ್ಲಿ ಅವರು ಬರಿಗಾಲಲ್ಲಿ ಒಳಗೆ ಹೋಗಿಯಾಗಿತ್ತು.

ಮ್ಯಾನೇಜರ್ ಐವತ್ತು ದಾಟಿದ ಗುಜರಾತಿ ಮನುಷ್ಯ. ಟೈ ಕಟ್ಟಿದ್ದ, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದ. ಸರದಿ ನನ್ನ ಹೆಸರಿನದು, ಲೈಸೆನ್ಸು ನನ್ನದು, ಚೆಕ್ ಪುಸ್ತಕ ನನ್ನ ಚೀಲದಲ್ಲಿತ್ತು. ಅವನು ಕುರ್ಚಿ ಎಳೆದುಕೊಟ್ಟದ್ದು ಮಾತ್ರ ಅಪ್ಪನಿಗೆ. "ಆಯಿಯೇ ಸೇಠ್" ಎಂದ. ನಾನು ನಿಂತೇ ಇದ್ದೆ. ಹೆರಿಗೆ ಮನೆಗಳಲ್ಲಿ ಗಂಡಸರನ್ನು ಹೊರಗೆ ನಿಲ್ಲಿಸಿ ರೂಢಿಯಾಗಿದ್ದ ನನಗೆ ಇದು ಮೈ ಉರಿಸಿತು. ಆದರೂ ಕಾರು ಕೈಗೆ ಬರಲಿ ಎಂದು ಹಲ್ಲು ಕಚ್ಚಿಕೊಂಡೆ.

ನಮ್ಮ ಪಾಲಿಗೆ ಬಂದ ಕಾರು ತಿಳಿಬೂದು ಬಣ್ಣದ್ದು. ಅಪ್ಪ ಅದರ ಸುತ್ತ ಎರಡು ಸಲ ಬಂದರು, ಬಾನೆಟ್ಟನ್ನು ಬೆರಳಿನಿಂದ ತಟ್ಟಿದರು, ಬಗ್ಗಿ ಅಡಿ ನೋಡಿದರು, ಎತ್ತಿನ ಹಲ್ಲು ನೋಡುವವರಂತೆ ದೀಪಗಳನ್ನು ನೋಡಿದರು. ಅವರಿಗೆ ಕಾರಿನ ಬಗ್ಗೆ ಒಂದಕ್ಷರ ತಿಳಿಯದು. ಆದರೆ ಮಾಲನ್ನು ನೋಡಿದ ಹಾಗೆ ಮಾಡದೆ ಬೆಲೆ ಕೇಳಬಾರದು. ಆಮೇಲೆ ಕುರ್ಚಿಗೆ ಬಂದು ಕೂತು ನಮ್ಮೂರಿನ ಹಿಂದಿಯಲ್ಲಿ ಶುರುಮಾಡಿದರು.

"ಬೋಲೋ ಸಾಬ್. ಕಿತ್ತೇ ಮೇಂ ದೇತೆ?"

ಮ್ಯಾನೇಜರ್ ಗೋಡೆಯ ಬೋರ್ಡು ತೋರಿಸಿದ. ಅಲ್ಲಿ ಕಂಪನಿಯ ಬೆಲೆ ದೊಡ್ಡ ಅಕ್ಷರದಲ್ಲಿತ್ತು. ಆಮೇಲೆ ದನಿ ತಗ್ಗಿಸಿ, "ದಾಮ್ ತೋ ಲಿಖಾ ಹೈ ಸೇಠ್. ಬಾಕೀ ಬಾತ್ ಆಪಸ್ ಮೇಂ" ಎಂದ.

ಬೆಲೆ ಬರೆದದ್ದಿದೆ, ಉಳಿದ ಮಾತು ನಮ್ಮ ನಮ್ಮಲ್ಲಿ. 'ಆನ್' ಕೇಳುತ್ತಿದ್ದಾನೆಂದು ನನಗೆ ತಿಳಿಯಿತು. ಅಪ್ಪನ ಮುಖ ಮಾತ್ರ ಅರಳಿತು. ನಮ್ಮ ನಮ್ಮಲ್ಲಿ ಎಂಬ ಮಾತು ಅವರ ಪೇಟೆಯದೇ. 'ನೋಡಿದೆಯಾ' ಎನ್ನುವಂತೆ ನನ್ನ ಕಡೆ ಹುಬ್ಬು ಹಾರಿಸಿ, ಹೆಗಲ ಮೇಲಿನ ವಲ್ಲಿ ತೆಗೆದು ಬಲಗೈಯ ಮೇಲೆ ಹಾಸಿಕೊಂಡು, ಕೈಯನ್ನು ಮ್ಯಾನೇಜರನ ಮುಂದೆ ಚಾಚಿದರು.

ನಮ್ಮ ಕಡೆಯ ದನದ ಸಂತೆಯನ್ನು ಕಂಡವರಿಗೆ ಇದು ಗೊತ್ತು. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಬಟ್ಟೆಯ ಕೆಳಗೆ ಕೈ ಇಟ್ಟು, ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು, ಇಡೀ ಕೈ ಹಿಡಿದು ಮತ್ತೊಂದು ಬೆರಳು ಹಿಡಿದರೆ ಆರು. ಅದು ಹತ್ತೋ ನೂರೋ ಎಂಬುದು ಮಾಲು ನೋಡಿದರೆ ಇಬ್ಬರಿಗೂ ತಿಳಿಯುತ್ತದೆ. ಸುತ್ತ ನಿಂತವರಿಗೆ ಬಟ್ಟೆ ಅಲುಗುವುದು ಕಾಣುತ್ತದೆಯೇ ಹೊರತು ಬೆಲೆ ಕಾಣುವುದಿಲ್ಲ. ಅಪ್ಪ ತಮ್ಮ ಅಂಗಡಿಯಲ್ಲೂ ಇದನ್ನೇ ನಡೆಸಿಕೊಂಡು ಬಂದಿದ್ದರು. ಇದಕ್ಕೊಂದು ಕಟ್ಟುನಿಟ್ಟು ಇತ್ತು: ಬಟ್ಟೆಯ ಕೆಳಗಿನ ಅಂಕಿಯನ್ನು ವ್ಯವಹಾರ ಮಾಡಿದ ಇಬ್ಬರನ್ನು ಬಿಟ್ಟು ಮೂರನೆಯವರಿಗೆ ಹೇಳಬಾರದು. ಅಪ್ಪ ಅವ್ವನಿಗೂ ಹೇಳುತ್ತಿರಲಿಲ್ಲ. ಮನೆಯ ಆಕಳನ್ನು ಎಷ್ಟಕ್ಕೆ ತಂದರೆಂದು ಅವ್ವನಿಗೆ ಆ ಆಕಳು ಮುದಿಯಾಗುವ ತನಕ ತಿಳಿಯಲಿಲ್ಲ.

ಆದರೆ ಇದು ಸಂತೆಯಲ್ಲ, ಗ್ರಾಂಟ್ ರೋಡಿನ ಶೋರೂಮು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮ್ಯಾನೇಜರ್ ಕಾವಲಿನವನನ್ನು ಕರೆಯುತ್ತಾನೆಂದೇ ತಿಳಿದೆ. ಅವನು ಆ ಬಟ್ಟೆಯನ್ನೊಮ್ಮೆ ನೋಡಿದ, ಅಪ್ಪನನ್ನೊಮ್ಮೆ ನೋಡಿದ, ಹಲ್ಲು ಕಾಣುವ ಹಾಗೆ ನಕ್ಕ. ತನ್ನ ತಂದೆ ಹತ್ತಿ ಬಜಾರಿನ ದಲ್ಲಾಳಿ, ಚಿಕ್ಕಂದಿನಲ್ಲಿ ಇದನ್ನೆಲ್ಲ ತಾನೂ ನೋಡಿದ್ದೇನೆ ಎಂದ. ಕೋಟಿನ ತೋಳು ಮೇಲೇರಿಸಿ ವಲ್ಲಿಯ ಕೆಳಗೆ ಕೈ ಹಾಕಿದ.

ಮೊದಲು ಅವನ ಕೈ ಅಲುಗಿತು. ಅಪ್ಪನ ಮುಖದಲ್ಲಿ ಏನೂ ಕಾಣಲಿಲ್ಲ. ಆ ಮುಖದಲ್ಲಿ ಏನೂ ಕಾಣದಿರುವುದಕ್ಕೇ ನಮ್ಮ ಮನೆಯ ಅನ್ನ ನಡೆದಿತ್ತು. ಆಮೇಲೆ ಅಪ್ಪನ ಕೈ ಅಲುಗಿತು. ಮ್ಯಾನೇಜರನ ಹುಬ್ಬು ಮೇಲೇರಿತು. ಅಪ್ಪನನ್ನು ಒಂಥರಾ ನೋಡಿದ, ನನ್ನ ಕಡೆಯೂ ನೋಡಿದ, ತಲೆ ಅಲ್ಲಾಡಿಸಿ ಮತ್ತೆ ಗಟ್ಟಿಯಾಗಿ ಹಿಡಿದ. ಅಪ್ಪ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, "ಹೌ" ಎಂದರು. "ಪಕ್ಕಾ" ಎಂದ ಅವನು. ಊಟ ಮುಗಿಸಿ ಬನ್ನಿ, ಅಷ್ಟರಲ್ಲಿ ಬಿಲ್ಲು ಸಿದ್ಧ ಮಾಡಿಸಿಟ್ಟಿರುತ್ತೇನೆ ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟ.

ಹತ್ತಿರದ ಉಡುಪಿ ಹೋಟೆಲಿನಲ್ಲಿ ಕೂತೆವು. ಪೂರಿ ಬರುವ ಮೊದಲೇ ನಾನು ಕೇಳಿದೆ.

"ಎಷ್ಟಕ್ಕಾತ್ರಿ?"

"ಆತು."

"ಎಷ್ಟಕ್ಕ ಅಂತ ಕೇಳಾಕತ್ತೀನ್ರಿ."

"ಅದನ್ನ ಹೇಳಬಾರದು."

"ಗಾಡಿ ನಂದು, ರೊಕ್ಕ ನಂದು. ನನಗ ಹೇಳಬಾರದ?"

"ಚೆಕ್ ಬರಿಯೂ ಮುಂದ ಬಿಲ್ಲಿನ್ಯಾಗ ಇರ್ತದಲ್ಲ, ನೋಡ್ಕೊ" ಎಂದು ಪೂರಿಗೆ ಕೈ ಹಾಕಿದರು. "ಛಲೋ ಮನಶ್ಯಾ ಅಂವ. ಮನಿತನ ಛಲೋ. ಇಂಥಾವರು ಇನ್ನೂ ಅದಾರ ನೋಡು ಮುಂಬೈಯಾಗ."

"ಅಂವ ಮ್ಯಾಲ ಕೇಳ್ಲಿಲ್ಲ?"

"ಮ್ಯಾಲ! ನಾ ಹೇಳೇನಲ್ಲ, ಎಲ್ಲಾ ಕಡೆ ಪ್ಯಾಟಿ ಒಂದ."

ನನಗೆ ಸಿಟ್ಟೂ ಬಂತು, ಆಸೆಯೂ ಆಯಿತು. ಬೋರ್ಡಿನ ಬೆಲೆಗಿಂತ ನಿಜವಾಗಿಯೂ ಇಳಿದಿದ್ದರೆ ಆ ಉಳಿಕೆಯಲ್ಲಿ ದವಾಖಾನೆಗೊಂದು ಒಳ್ಳೆಯ ಹೆರಿಗೆ ಮೇಜು ಬರುತ್ತದೆ ಎಂದು ಲೆಕ್ಕ ಹಾಕಿದೆ. ನಾನಾಗಲೇ ಅದನ್ನು ಎಲ್ಲಿ ಇಡುವುದೆಂದು ಜಾಗವನ್ನೂ ಗೊತ್ತುಮಾಡಿದ್ದೆ. ಅಪ್ಪ ಇನ್ನೆರಡು ಪೂರಿ ತರಿಸಿದರು.

ವಾಪಸು ಹೋದಾಗ ಶೋರೂಮಿನಲ್ಲಿ ಇನ್ನೊಂದು ಗಿರಾಕಿ ಕುಟುಂಬ ಬಂದಿತ್ತು. ಗಂಡ ಹೆಂಡತಿ ಪಕ್ಕದ ಕಾರಿನ ಬಾಗಿಲು ತೆಗೆದು ಹಾಕಿ ನೋಡುತ್ತಿದ್ದರು. ಮ್ಯಾನೇಜರ್ ನಗುನಗುತ್ತ ಬಿಲ್ಲು ತಂದು ಮೇಜಿನ ಮೇಲಿಟ್ಟ. ಬೋರ್ಡಿನಲ್ಲಿ ಇದ್ದ ಬೆಲೆಯೇ ಬಿಲ್ಲಿನಲ್ಲಿ ಇತ್ತು, ಒಂದು ರೂಪಾಯಿ ಆಚೀಚೆ ಇಲ್ಲ. ನಾನು ಅದನ್ನು ಓದಿ ಅಪ್ಪನಿಗೆ ಹೇಳಿದೆ. ಅವರ ಮುಖ ಬಿಗಿಯಾಯಿತು. ಇಳಿಸಿದ ಹಣ ವಾಪಸು ಕೊಡು ಎಂಬಂತೆ ಮ್ಯಾನೇಜರನ ಮುಂದೆ ಅಂಗೈ ಚಾಚಿದರು. ಅದೇ ಹೊತ್ತಿಗೆ ಮ್ಯಾನೇಜರನೂ ಅಂಗೈ ಚಾಚಿದ. ಇಬ್ಬರೂ ಹಾಗೇ, ಒಬ್ಬರೆದುರು ಒಬ್ಬರು, ಬರಿಯ ಅಂಗೈ ಹಿಡಿದುಕೊಂಡು ನಿಂತರು.

"ಜೋ ಬಾತ್ ಹುಯೀ ಥೀ, ವೋ?" ಎಂದ ಮ್ಯಾನೇಜರ್.

"ಮೈಂ ಭೀ ವಹೀಚ್ ಪೂಛತಾ. ವೋ ಕಿಧರ್ ಹೈ?" ಎಂದರು ಅಪ್ಪ.

"ಆಪ್ ದೇಂಗೇ, ಸೇಠ್."

"ಮೈಂ ಕಾಯ್ಕು ದೇವೂಂ? ತುಮೀಚ್ ದೇನಾ."

"ಆಪ್‌ನೇ ಹಾಥ್ ದಿಯಾ."

"ತುಮ್‌ನೇ ಭೀ ದಿಯಾ!"

ಆಡಿದ್ದನ್ನು ನೀವು ಕೊಡಬೇಕು ಎಂದು ಅವನು, ನಾನೇಕೆ ಕೊಡಲಿ, ನೀನೇ ಕೊಡು ಎಂದು ಇವರು. ಎಷ್ಟು ಎಂದು ಮಾತ್ರ ಇಬ್ಬರೂ ಹೇಳಲೊಲ್ಲರು. ಅಪ್ಪ ಹೇಳರು, ಏಕೆಂದರೆ ವಲ್ಲಿಯ ಕೆಳಗಿನ ಮಾತು. ಮ್ಯಾನೇಜರ್ ಹೇಳಲಾರ, ಏಕೆಂದರೆ ಬಿಲ್ಲಿನ ಮೇಲೆ ತೆಗೆದುಕೊಳ್ಳುವುದು ತಪ್ಪು, ಪಕ್ಕದಲ್ಲಿ ಗಿರಾಕಿಗಳಿದ್ದಾರೆ. 'ಹೇಳಿದ್ದು', 'ಆಡಿದ್ದು', 'ಮಾತು' ಎಂದು ಸುತ್ತಿ ಬಳಸಿ ಜಗಳವಾಡುತ್ತಿದ್ದರು. ಪಕ್ಕದ ಗಂಡ ಹೆಂಡತಿ ಕಾರು ನೋಡುವುದನ್ನು ಬಿಟ್ಟು ಇತ್ತ ಕಿವಿ ಕೊಟ್ಟಿದ್ದರು.

ನನಗೆ ಆಗ ಹೊಳೆಯಿತು. ಬೆರಳಿಗೆ ಅಂಕಿ ಹೇಳಲು ಬರುತ್ತದೆ, ಮೇಲೆಯೋ ಕೆಳಗೆಯೋ ಎಂದು ಹೇಳಲು ಬರುವುದಿಲ್ಲ. ಸಂತೆಯಲ್ಲಿ ಅದನ್ನು ಕೇಳುವ ಅಗತ್ಯವೇ ಇಲ್ಲ. ಕೊಳ್ಳುವವನು ಯಾವತ್ತೂ ಇಳಿಸುವವನು. ಮುಂಬೈಯ ಶೋರೂಮಿನಲ್ಲೂ ಕೇಳುವ ಅಗತ್ಯವಿಲ್ಲ. ಕಾರು ಕೊಳ್ಳುವವನು ಯಾವತ್ತೂ ಏರಿಸುವವನು. ಅಪ್ಪ ಬೋರ್ಡಿನ ಬೆಲೆಯಿಂದ ಕೆಳಗಿಳಿದು ಕೈ ಕೊಟ್ಟಿದ್ದರು, ಮ್ಯಾನೇಜರ್ ಅದೇ ಬೆಲೆಯಿಂದ ಮೇಲೇರಿ ಕೈ ಹಿಡಿದಿದ್ದ.

ಅಪ್ಪನ ಕಿವಿಯಲ್ಲಿ ಇದನ್ನು ಹೇಳಿದೆ. ಅವರು ಬೋರ್ಡನ್ನು 'ಇದು ಯಾವ ಊರಪ್ಪಾ' ಎನ್ನುವಂತೆ ನೋಡಿದರು. ಮ್ಯಾನೇಜರ್ ಅಷ್ಟರಲ್ಲಿ ನನ್ನ ಹತ್ತಿರ ಬಂದು, ಆ ಇಡೀ ದಿನದಲ್ಲಿ ಮೊದಲ ಬಾರಿಗೆ ನನ್ನೊಂದಿಗೆ ಮಾತಾಡಿದ. ಇಂಗ್ಲಿಷಿನಲ್ಲಿ, ಮೆಲ್ಲಗೆ. ನಿಮ್ಮ ತಂದೆಗೆ ತಿಳಿಸಿ ಹೇಳಿ, ಇವತ್ತು ಕೊನೆಯ ದಿನ, ಸಂಜೆ ಬಾಗಿಲು ಹಾಕಿದ ಮೇಲೆ ಈ ಕಾರು ನಿಮ್ಮದಲ್ಲ, ಕೊಡುವವರು ಸಾಲುಗಟ್ಟಿ ನಿಂತಿದ್ದಾರೆ ಎಂದ.

ಮಾಗಾಠಾಣೆಯ ಕೂಸಿನ ವಿಷಯ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಅವನ ಮನಸ್ಸು ಕರಗುತ್ತಿತ್ತೋ ಏನೋ. ಆದರೆ ಸತ್ತ ಕೂಸನ್ನು ಚೌಕಾಸಿಗೆ ತರಲು ನನ್ನಿಂದ ಆಗಲಿಲ್ಲ. ಕಾರು ಕೈಬಿಡುವುದರಲ್ಲಿತ್ತು. ಹಾಗೆಂದು ಮೇಲಿನದನ್ನು ಕೊಡಲು ನನ್ನಲ್ಲಿ ಹಣವೂ ಇರಲಿಲ್ಲ, ಇದ್ದರೂ ಕೊಡುವ ಮನಸ್ಸಿರಲಿಲ್ಲ.

"ಮತ್ತ ಕೂಡೂಣು" ಎಂದರು ಅಪ್ಪ ಅಷ್ಟರಲ್ಲಿ. ನಮ್ಮ ಪೇಟೆಯಲ್ಲಿ ಹೀಗೆ ಕೈ ತಪ್ಪಿದರೆ ಇಬ್ಬರೂ ಮತ್ತೊಮ್ಮೆ ಕೂರುವುದು ರೂಢಿ. ವಲ್ಲಿ ಮತ್ತೆ ಕೈಮೇಲೆ ಬಂತು. ಮ್ಯಾನೇಜರನೂ ತೋಳು ಏರಿಸಿದ. ಇವರಿಬ್ಬರ ಕೈ ಮತ್ತೊಮ್ಮೆ ಬಟ್ಟೆಯೊಳಗೆ ಹೋದರೆ ನನ್ನ ಕಾರು ಹೋಯಿತು ಎಂದು ನನಗೆ ಖಾತ್ರಿಯಾಯಿತು. ನಾನು ಮುಂದೆ ಬಾಗಿ ಆ ವಲ್ಲಿಯನ್ನು ಎಳೆದುಕೊಂಡೆ.

ಅಪ್ಪನ ಹೆಗಲ ಬಟ್ಟೆಗೆ ಹಾಗೆ, ಜನರೆದುರು, ಕೈ ಹಾಕಿದ್ದು ನಾನು ಹುಟ್ಟಿದಾಗಿನಿಂದ ಅದೇ ಮೊದಲು. ಅವರ ಕೈ ಬರಿದಾಗಿ ಗಾಳಿಯಲ್ಲಿ ನಿಂತಿತು.

"ಇನ್ನ ಬಾಯೀಲೆ ಹೇಳ್ರಿ ಅಪ್ಪಾ" ಎಂದೆ. ಅವರು ಹೇಳಲಿಲ್ಲ. ಮ್ಯಾನೇಜರನ ಕಡೆ ತಿರುಗಿ, ಪಕ್ಕದ ಗಿರಾಕಿಗಳಿಗೂ ಕೇಳುವ ಹಾಗೆ ಹಿಂದಿಯಲ್ಲಿ, "ನೀವಾದರೂ ಗಟ್ಟಿಯಾಗಿ ಹೇಳಿ. ಎಷ್ಟು ಕೊಡಬೇಕು?" ಎಂದೆ. ಅವನು ಪಕ್ಕದ ಗಿರಾಕಿಗಳ ಕಡೆ ನೋಡಿ, ಮೇಜಿನ ಮೇಲಿನ ಬಿಲ್ಲನ್ನು ನೇರ ಮಾಡಿಟ್ಟ.

"ಹಾಗಾದರೆ ಈ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಬಹುದಾದ ಬೆಲೆ ಒಂದೇ ಇದೆ" ಎಂದು ಗೋಡೆಯ ಬೋರ್ಡನ್ನು ಮಗ್ಗಿ ಒಪ್ಪಿಸುವ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದೆ. ಚೆಕ್ ಪುಸ್ತಕ ತೆಗೆದು ಅಷ್ಟನ್ನೇ ಬರೆದು ಸಹಿ ಮಾಡಿ ಬಿಲ್ಲಿನ ಮೇಲಿಟ್ಟೆ. "ಇದನ್ನು ನೀವು ತೆಗೆದುಕೊಳ್ಳದಿದ್ದರೆ ಡಾಕ್ಟರರ ಸರದಿಯಲ್ಲಿ ಬಂದ ಕಾರನ್ನು ನಾನೇಕೆ ಒಯ್ಯಲಿಲ್ಲ ಎಂದು ಕಂಪನಿಗೆ ಬರೆದು ತಿಳಿಸಬೇಕಾಗುತ್ತದೆ. ಕಾರಣ ಏನೆಂದು ಬರೆಯಲಿ, ನೀವೇ ಹೇಳಿ."

ಪಕ್ಕದ ಹೆಂಗಸು ತನ್ನ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ನನ್ನ ದನಿ ಮಾತ್ರ ಗಟ್ಟಿಯಾಗಿತ್ತು. ಮೇಜಿನ ಅಂಚು ಹಿಡಿದುಕೊಂಡೇ ನಿಂತಿದ್ದೆ.

ಆಗ ಮುಂದೆ ಬಂದದ್ದು ಅಪ್ಪ. ನನ್ನ ಕೈಯಿಂದ ವಲ್ಲಿ ತೆಗೆದುಕೊಂಡು, ಕೊಡವಿ, ಮಡಿಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಮ್ಯಾನೇಜರನಿಗೆ ನಿಧಾನವಾಗಿ ಹೇಳಿದರು: "ಸಾಬ್, ತುಮ್ಹಾರಾ ತುಮ್ ಛೋಡೋ. ಹಮಾರಾ ಹಮ್ ಛೋಡತೇ. ಬರಾಬರ್ ಹೋಗಯಾ."

ನಿನ್ನದು ನೀ ಬಿಡು, ನಮ್ಮದು ನಾವು ಬಿಡುತ್ತೇವೆ. ಬೋರ್ಡಿನ ಬೆಲೆ ಇಬ್ಬರಿಗೂ ಸರಿಯಾಗಿ ನಡುವೆ ಇತ್ತು, ನಿಜವೇ. ಚೆಕ್ಕು ಬರೆಯುವಾಗ ನನಗೆ ಅದು ತೋಚಿರಲಿಲ್ಲ. ಮ್ಯಾನೇಜರ್ ಒಂದು ನಿಮಿಷ ಅಪ್ಪನ ಮುಖ ನೋಡಿದ. ಹತ್ತಿ ಬಜಾರಿನ ಮನೆಯವನಲ್ಲವೇ, ಆ ಲೆಕ್ಕ ಅವನಿಗೂ ತಿಳಿಯಿತೋ, ಅಥವಾ ಗಿರಾಕಿಗಳ ಎದುರು ಇನ್ನು ಬೇಡ ಅನ್ನಿಸಿತೋ. ಚೆಕ್ಕನ್ನು ತೆಗೆದುಕೊಂಡು ಗುಮಾಸ್ತನ ಕಡೆ ಎಸೆದ. "ಲೇ ಜಾವ್" ಎಂದು ಬೀಗದ ಕೈಯನ್ನು ಅಪ್ಪನ ಮುಂದೆ ಇಟ್ಟ. ಅಪ್ಪ ಅದನ್ನು ಮುಟ್ಟಲಿಲ್ಲ. ನಾನು ತೆಗೆದುಕೊಂಡೆ.

ಸೇಡು ತೀರಿಸಿಕೊಳ್ಳದೆ ಇರಲಿಲ್ಲ ಅವನು. ಕಾರಿನಲ್ಲಿ ಪೆಟ್ರೋಲು ಹೆಸರಿಗಷ್ಟೇ ಇತ್ತು. ಹತ್ತಿರದ ಪಂಪಿನ ಕಡೆಗೆ ಹೊರಟದ್ದು, ಅದು ಕಾಣುವ ದೂರದಲ್ಲೇ ನಿಂತುಹೋಯಿತು. ಟ್ರಾಮಿನವನು ಹಿಂದಿನಿಂದ ಗಂಟೆ ಬಾರಿಸುತ್ತಿದ್ದ. ಅಪ್ಪ ಇಳಿದು, ಧೋತರ ಎತ್ತಿಕಟ್ಟಿ, ದಾರಿಹೋಕರಿಬ್ಬರನ್ನು ಕೂಗಿ ಕರೆದು ಮಗಳ ಹೊಸ ಕಾರನ್ನು ನೂಕಿದರು. ನಾನು ಒಳಗೆ ಚಕ್ರ ಹಿಡಿದು ಕೂತಿದ್ದೆ. ಹಿರಿಯ ಡಾಕ್ಟರೊಬ್ಬರ ಹಳೆಯ ಗಾಡಿಯಲ್ಲಿ ಓಡಿಸಲು ಕಲಿತಿದ್ದೆನೇ ಹೊರತು ಇಷ್ಟು ಜನ ನೋಡುವಾಗ ಓಡಿಸಿರಲಿಲ್ಲ.

ಅಪ್ಪ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ದಾದರ್ ಬಂತು, ಹೋಯಿತು. ಮಾಹೀಮಿನ ಖಾಡಿಯ ಸೇತುವೆ ದಾಟಿದೆವು. ಜನರೆದುರು ಬಟ್ಟೆ ಎಳೆದದ್ದಕ್ಕೆ ಸಿಟ್ಟಾಗಿದ್ದಾರೆ ಎಂದುಕೊಂಡೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ, ಏಕೆಂದರೆ ತಪ್ಪಾಗಿದೆ ಎಂದು ನನಗೆ ಅನ್ನಿಸಿರಲಿಲ್ಲ. ಬಾಂದ್ರಾ ದಾಟಿದ ಮೇಲೆ ರಸ್ತೆ ಖಾಲಿಯಾಯಿತು.

"ಐದು" ಎಂದರು ಅಪ್ಪ.

"ಏನ್ರಿ ಐದು?"

"ವಲ್ಲಿ ಕೆಳಗ. ಐದುನೂರು."

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ದೊಡ್ಡ ಮೊತ್ತ ಎಂದಲ್ಲ. ಅಪ್ಪ ಅಂಕಿ ಹೇಳಿದರಲ್ಲ ಎಂದು.

"ಹೇಳಬಾರದು ಅಂತಿದ್ರಲ್ಲರೀ?"

"ಮೂರನೇದವರಿಗೆ ಹೇಳಬಾರದು. ಇವತ್ತ ಯಾಪಾರ ಮಾಡಿದಾವರು ನೀ ಮತ್ತ ಅಂವ. ಮೂರನೇದಾಂವ ನಾನ." ವಲ್ಲಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡರು. "ಇನ್ನೊಂದು ಅದ. ಮೊದಲಿಗೆ ಅಂವನ ಐದು ಹಿಡದಾ. ಅಷ್ಟು ಇಳಸೂದು ನನಗ ಭಾಳ ಅನಸ್ತು. ಆದ್ರ ಮೊದಲನೇ ಮಾತಿಗೆ ಯಾರರ ಒಪ್ತಾರೇನು? ನಾ ಆರು ಹಿಡದೆ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಂದ್ರ... ಅಂವ ಮ್ಯಾಲ ಐದುನೂರು ಕೇಳಿದಾ. ನೀವು ಆರುನೂರು ಕೊಡ್ತೀನಿ ಅಂದ್ರಿ?"

"ಅಂದೆ" ಎಂದರು ಅಪ್ಪ. "ಪಾಪ, ಬ್ಯಾಡ ಬ್ಯಾಡ, ಐದ ಸಾಕು ಅಂದಾ ಅಂವ."

ಮ್ಯಾನೇಜರನ ಹುಬ್ಬು ಏಕೆ ಮೇಲೇರಿತ್ತು ಎಂದು ಆಗ ತಿಳಿಯಿತು. ನಗು ತಡೆಯಲಾಗದೆ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಚಕ್ರದ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅಪ್ಪನೂ ನಕ್ಕರು, ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಕುಲುಕುವ ಹಾಗೆ. ಜೀವಮಾನವಿಡೀ ಯಾರಿಗೂ ಒಂದು ದುಡ್ಡು ಹೆಚ್ಚಿಗೆ ಬಿಟ್ಟವರಲ್ಲ ಅವರು. ಮುಂಬೈಗೆ ಬಂದು ಕೇಳದೆಯೇ ನೂರು ರೂಪಾಯಿ ಏರಿಸಿಬಿಟ್ಟಿದ್ದರು.

ನಗು ನಿಂತ ಮೇಲೆ ಅವರು ಮುಖ ಒರೆಸಿಕೊಂಡರು. "ನೀ ವಲ್ಲಿ ಎಳೀದಿದ್ರ ಇವತ್ತ ನಾನ ನಿನ್ನ ಗಾಡಿ ಕಳೀತಿದ್ನವಾ" ಎಂದರು. ವ್ಯಾಪಾರದಲ್ಲಿ ತಮ್ಮದು ತಪ್ಪಾಯಿತೆಂದು ಅಪ್ಪ ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನನಗೆ ಅಯ್ಯೋ ಅನ್ನಿಸಿತು, ಗಾಡಿ ಚಾಲೂ ಮಾಡಿದೆ.

ಆ ವರ್ಷ ದೀಪಾವಳಿಗೆ ಊರಿಗೆ ಹೋದೆ. ಪಾಡ್ಯದ ದಿನ ಅಂಗಡಿಯವರು, ನೆರೆಹೊರೆಯವರು ಫರಾಳಕ್ಕೆ, ಅಂದರೆ ಹಬ್ಬದ ತಿಂಡಿಗೆ ಬಂದು ಪಡಸಾಲೆಯ ತುಂಬ ಕೂತಿದ್ದರು. ಮಗಳ ಕಾರಿನ ಮಾತು ಬಂತು. ಅಷ್ಟು ಜನರೆದುರಿಗಾದರೂ ಬಾಯಿ ಬಿಡಿಸೋಣ ಎಂದು ಅವ್ವ, "ಅಂತೂ ಅದನ್ನ ಎಷ್ಟಕ್ಕ ಮುಗಸಿದ್ರಿ?" ಎಂದು ಅಪ್ಪನನ್ನು ಕೇಳಿದಳು. ಅವರು ಉತ್ತರ ಕೊಡುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆಗಲೇ ನಗಲು ಶುರುಮಾಡಿದ್ದರು.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆ ಹೇಳಿದರು:

"ನನ್ನ ಯಾಕ ಕೇಳ್ತಿ? ಯಾಪಾರ ಮಾಡಿದಾಕಿ ಅಲ್ಲೆ ಕೂತಾಳ. ಆಕಿನ್ನ ಕೇಳು."